ಕಾಲು ಒಪ್ಪಿದ ಮೇಲೆ ಕಾಗದ

ನಮ್ಮ ಹನೂರು ಸೀಮೆಯ ಎಷ್ಟೋ ಶಾಲೆಗಳಲ್ಲಿ ಬ್ಯಾಂಡ್ ಸೆಟ್ಟು ಬೀರುವಿನಿಂದ ಹೊರಗೆ ಬರುವುದು ಆಗಸ್ಟ್ 15ಕ್ಕೆ, ಜನವರಿ 26ಕ್ಕೆ. ಕವಾಯತಿಗೆ ಬೇಕಾದ ಒಂದೆರಡು ಮಾರ್ಚ್ ಬಾರಿಸಿದರೆ ಮುಗಿಯಿತು, ಮತ್ತೆ ಒಳಗೆ. ವಾರ್ಷಿಕೋತ್ಸವ ಬಂದರೆ ಅದೇ ಮಕ್ಕಳು ಪೆನ್‌ಡ್ರೈವಿನ ಹಾಡಿಗೆ ಕುಣಿಯುತ್ತಾರೆ. ಬಾರಿಸುವ ಮಕ್ಕಳಿದ್ದಾರೆ, ಹಾಡುವವರಿದ್ದಾರೆ, ಕುಣಿಯುವವರಂತೂ ಊರ ತುಂಬ ಇದ್ದಾರೆ. ಈ ಮೂವರನ್ನೂ ಒಂದೇ ವೇದಿಕೆಗೆ ತರುವ ಸಂಗೀತದ ಹಾಳೆ ಮಾತ್ರ ಇಲ್ಲ. ಹೂಗ್ಯಂ, ರಾಮಾಪುರ, ಮಾರ್ಟಳ್ಳಿ ಕಡೆ ಓಡಾಡಿಕೊಂಡು ಶಾಲೆ ಮಕ್ಕಳಿಗೆ ಬ್ಯಾಂಡನ್ನೂ ಚರ್ಚಿನ ಕಾಯಿರ್‌ಗೆ ಹಾಡನ್ನೂ ಕಲಿಸುವ ನನ್ನ ಹತ್ತಿರ ಎಲ್ಲರೂ ಕೇಳುವುದು ಒಂದನ್ನೇ: "ಮೇಷ್ಟ್ರೇ, ಖುಷಿಯಾಗಿರೋದು, ಕುಣಿಯೋ ಹಂಗಿರೋದು ಯಾವುದಾದ್ರೂ ಕೊಡಿ."

ಕೊಡುವುದಕ್ಕೆ ಲೋಕದಲ್ಲಿ ಬೇಕಾದಷ್ಟಿದೆ. ಕುಣಿತದಿಂದ ಹುಟ್ಟಿದ ಬ್ಯಾಂಡ್ ಸಂಗೀತಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಇಂಗ್ಲೆಂಡಿನ ಗುಸ್ಟಾವ್ ಹೋಲ್ಸ್ಟ್ 1911ರಲ್ಲಿ ಮಿಲಿಟರಿ ಬ್ಯಾಂಡಿಗೆಂದು ಬರೆದ ಎರಡನೇ ‘ಸ್ವೀಟ್’ (ಹಲವು ಭಾಗಗಳ ಕೃತಿ) ಹಳ್ಳಿ ಹಾಡು, ಹಳ್ಳಿ ಕುಣಿತಗಳಿಂದಲೇ ಕಟ್ಟಿದ್ದು. ಹಂಗೆರಿಯ ಬೇಲಾ ಬಾರ್ಟೋಕ್ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ತಿರುಗಿದವನು. ಅವನು 1915ರಲ್ಲಿ ಪಿಯಾನೋಕ್ಕೆ ಬರೆದ ರುಮೇನಿಯದ ಕುಣಿತಗಳನ್ನು ಈಗ ಬ್ಯಾಂಡುಗಳೂ ನುಡಿಸುತ್ತವೆ. ಮೆಕ್ಸಿಕೋದ ಆರ್ತೂರೋ ಮಾರ್ಕೇಸ್ 1994ರಲ್ಲಿ ಬರೆದ ‘ಡಾನ್ಸೋನ್ ನಂಬರ್ 2’ ಕೇಳಿದರೆ ಕೂತವರೂ ಮೇಲೇಳುತ್ತಾರೆ. ಕೇಳಿದ ಕೂಡಲೇ ಇದನ್ನೇ ಮಾಡೋಣ ಎಂದು ಮಕ್ಕಳು ಹಟ ಹಿಡಿಯುತ್ತಾರೆ. ನಾನು ಒಪ್ಪುವುದಿಲ್ಲ. ನುರಿತ ವಾದಕರಿಗೇ ಬೆವರಿಳಿಸುವ ಸಂಗೀತವದು, ಎರಡನೇ ವರ್ಷದ ಕ್ಲಾರಿನೆಟ್ ಹುಡುಗಿಯ ಕೈಗೆ ಕೊಡತಕ್ಕದ್ದಲ್ಲ.

ಹಾಗಾದರೆ ಆರಿಸುವುದು ಹೇಗೆ? ಹಾಳೆ ಕೈಗೆ ಬಂದರೆ ಹೆಚ್ಚಿನವರು ಮೇಲಿನ ಸಾಲನ್ನು, ಅಂದರೆ ರಾಗವನ್ನು ನೋಡುತ್ತಾರೆ. ನಾನು ಮೊದಲು ನೋಡುವುದು ಕೆಳಗಿನ ಸಾಲು, ಡ್ರಮ್ಮು ಮತ್ತು ದಪ್ಪ ಸ್ವರದ ವಾದ್ಯಗಳ ಪಾಲು. ಕುಣಿತ ಇರುವುದು ಅಲ್ಲಿ. ಆ ಸಾಲನ್ನಷ್ಟೇ ಬಾಯಲ್ಲಿ ಹೇಳಿಸಿ ಮಕ್ಕಳನ್ನು ಅಂಗಳದಲ್ಲಿ ನಡೆಸುತ್ತೇನೆ. ವಾದ್ಯ ಮುಟ್ಟುವ ಹಾಗಿಲ್ಲ. ಎರಡು ಸುತ್ತು ಬರುವಷ್ಟರಲ್ಲಿ ಹೆಜ್ಜೆ ತಾನಾಗಿ ಪುಟಿದರೆ ಆ ಹಾಳೆ ನಮ್ಮದು. ಎಷ್ಟು ಎಣಿಸಿದರೂ ಕಾಲು ತಡವರಿಸುತ್ತಿದ್ದರೆ, ರಾಗ ಎಷ್ಟೇ ಚೆಂದವಿರಲಿ, ಅದು ಈ ವರ್ಷಕ್ಕೆ ಬೇಡ.

ನಮ್ಮ ಮಕ್ಕಳ ಕಾಲಿಗೆ ಬೇಗ ಹತ್ತುವುದು ಮೂರರ ನಡೆ. ನಮ್ಮ ಜನಪದ ಹಾಡುಗಳಲ್ಲಿ ತಿಶ್ರ ಹೇರಳ, ರಾಗಿ ಬೀಸುವ ಪದದಿಂದ ಕೋಲಾಟದವರೆಗೂ ಅದು ಸಿಗುತ್ತದೆ. ಪಾಶ್ಚಾತ್ಯ ಹಾಳೆಯಲ್ಲಿ ಇದಕ್ಕೆ ಹತ್ತಿರವಾದದ್ದು ಆರು-ಎಂಟರ ತಾಳ: ಎರಡು ದೊಡ್ಡ ಪೆಟ್ಟು, ಒಂದೊಂದು ಪೆಟ್ಟಿನೊಳಗೆ ಮೂರು ಮೂರು ಚಿಕ್ಕ ಪೆಟ್ಟು. ಮಾರ್ಚ್ ಕಲಿತ ಕಾಲಿಗೆ ಎರಡು ಸಿಗುತ್ತದೆ, ಕುಣಿಯುವ ಮೈಗೆ ಮೂರು ಸಿಗುತ್ತದೆ. ಹೋಲ್ಸ್ಟನ ಸ್ವೀಟಿನ ಕೊನೆಯ ಭಾಗದಲ್ಲಿ ‘ಡಾರ್ಗಸನ್’ ಎಂಬ ಹಳೆಯ ಕುಣಿತದ ಮಟ್ಟು ಇದೇ ತಾಳದಲ್ಲಿ ಸುತ್ತಿ ಸುತ್ತಿ ಬರುತ್ತದೆ. ಅದರ ಮೇಲೆ ಇನ್ನೊಂದು ನಿಧಾನದ ಹಾಡು ಮೂರು-ನಾಲ್ಕರಲ್ಲಿ ಬಂದು ಕೂರುತ್ತದೆ. ಒಂದು ಗುಂಪು ಎರಡೆಂದು ಎಣಿಸುವಾಗ ಇನ್ನೊಂದು ಮೂರೆಂದು ಎಣಿಸುತ್ತದೆ, ಎರಡೂ ಸೇರುವುದು ಸಮದಲ್ಲಿ. ಇದನ್ನು ಕೈಚಪ್ಪಾಳೆಯಲ್ಲಿ ಮಾಡಿಸಿದಾಗ ಮಕ್ಕಳ ಮುಖ ನೋಡಬೇಕು.

ಇನ್ನು ವಾದ್ಯದ ಕಷ್ಟ. ಕುಣಿತದ ರಾಗಗಳು ವೇಗದವು, ಕೆಳಗೂ ಮೇಲೂ ಹಾರುತ್ತವೆ. ಕ್ಲಾರಿನೆಟ್ಟಿನಲ್ಲಿ ನಡುವಿನ ಎ ಸ್ವರದಿಂದ ಅದರ ಮೇಲಿನ ಬಿ ಸ್ವರಕ್ಕೆ ದಾಟುವುದು ಒಂದು ಗಂಡಾಂತರ. ಎ ನುಡಿಸುವಾಗ ಬೆರಳುಗಳೆಲ್ಲ ಹೆಚ್ಚುಕಡಿಮೆ ಮೇಲಿರುತ್ತವೆ. ಬಿಗೆ ಬರುವಾಗ ಒಂದೇ ಗಳಿಗೆಯಲ್ಲಿ ತೂತುಗಳನ್ನೆಲ್ಲ ಮುಚ್ಚಿ, ಹೆಬ್ಬೆರಳಿನಲ್ಲಿ ಹಿಂದಿನ ಕೀಲಿಯನ್ನೂ ಒತ್ತಬೇಕು. ಕಿರುಬೆರಳು ಒಂದು ಕೂದಲೆಳೆಯಷ್ಟು ತಪ್ಪಿದರೂ ಕೀಚಲು. ಹಾಗಾಗಿ ಪೆನ್ಸಿಲ್ ಹಿಡಿದು, ಈ ದಾಟು ವೇಗದ ಸಾಲಿನಲ್ಲಿ ಎಷ್ಟು ಸಲ ಬರುತ್ತದೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಪುಟದ ತುಂಬ ಗುರುತಾದರೆ ಆ ಹಾಳೆಯನ್ನು ಮುಂದಿನ ವರ್ಷಕ್ಕೆ ಎತ್ತಿಡುತ್ತೇನೆ.

ಕಾಯಿರ್ ಜೊತೆ ಸೇರಿದಾಗ ಶ್ರುತಿಯ ಪ್ರಶ್ನೆ ಬರುತ್ತದೆ. ಕೀಬೋರ್ಡಿನವರಿಗೆ ಡಿ ಶ್ರುತಿ ಸಲೀಸು, ಆದರೆ ಆ ಶ್ರುತಿಯಲ್ಲಿ ಬಿ ಫ್ಲ್ಯಾಟ್ ಕ್ಲಾರಿನೆಟ್ಟಿನ ಹಾಳೆಗೆ ನಾಲ್ಕು ಶಾರ್ಪ್ ಬೀಳುತ್ತದೆ, ಆಲ್ಟೊ ಸ್ಯಾಕ್ಸೊಫೋನಿಗೆ ಐದು. ಅರ್ಧ ಸ್ವರ ಮೇಲೆತ್ತಿ ಇ ಫ್ಲ್ಯಾಟ್‌ಗೆ ತಂದರೆ ಕ್ಲಾರಿನೆಟ್ಟಿಗೆ ಒಂದೇ ಫ್ಲ್ಯಾಟ್, ಸ್ಯಾಕ್ಸೊಫೋನಿಗೆ ಏನೂ ಇಲ್ಲ. ಹಾಡುವವರಿಗೆ ಅರ್ಧ ಸ್ವರದ ವ್ಯತ್ಯಾಸ ಗೊತ್ತೂ ಆಗುವುದಿಲ್ಲ, ನುಡಿಸುವವರಿಗೆ ಒಂದು ತಿಂಗಳ ಪಾಡು ತಪ್ಪುತ್ತದೆ. ಹಾಡುವವರ ಕಡೆಯಿಂದ ನಾನು ನೋಡುವುದು ಎರಡನ್ನು. ಉಸಿರು ತೆಗೆಯಲು ಸಾಲಿನ ನಡುವೆ ಜಾಗವಿದೆಯೇ? ಪರದೇಶದ ಮಟ್ಟಿಗೆ ಕನ್ನಡ ಮಾತು ಕೂರಿಸಿದ್ದರೆ ಹ್ರಸ್ವ ಎಳೆದುಹೋಗಿ ದೀರ್ಘವಾಗಿದೆಯೇ? ಅಕ್ಷರದ ಅಳತೆ ಕೆಟ್ಟ ಹಾಡನ್ನು ಎಷ್ಟು ಹುರುಪಿನಿಂದ ಹಾಡಿದರೂ ಕೇಳುವವರಿಗೆ ಹಿಂಸೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಖುಷಿಯ ಕುಣಿತಕ್ಕೆ ನಾವು ಹೋಲ್ಸ್ಟನವರೆಗೆ ಹೋಗುವುದು ತಪ್ಪಲ್ಲ, ಹೋಗಲೇಬೇಕು. ಆದರೆ ನಮ್ಮ ಬಾಗಿಲಲ್ಲೇ ಮಾದಪ್ಪನ ಬೆಟ್ಟವಿದೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಹನೂರು, ಕೌದಳ್ಳಿಯ ಮೇಲೆ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಅವರ ನಡುವೆ ದೇವರಗುಡ್ಡರ ಕಂಸಾಳೆ ಕೇಳಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಡೆ ಸೋಲಿಗರ ಗೊರುಕನ ಹಾಡು-ಕುಣಿತ ಇದೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ಮಂಟೇಸ್ವಾಮಿಯ ಪದ ಹಾಡುತ್ತಾರೆ. 1956ರವರೆಗೆ ನಮ್ಮ ಸೀಮೆಯೂ ಸೇರಿದ್ದ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ನಮ್ಮ ಕಿವಿಗೆ ಎರಡು ನುಡಿಯ ತಾಳವೂ ಗೊತ್ತು. ಒಂದೇ ತಾಲ್ಲೂಕಿನ ಸುತ್ತ ಇಷ್ಟು ಬಗೆಯ ಹೆಜ್ಜೆ ಇರುವಾಗ ನಮ್ಮ ಬ್ಯಾಂಡಿನ ಬೀರುವಿನಲ್ಲಿ ಇದರ ಒಂದು ಪುಟವೂ ಇಲ್ಲದಿರುವುದು ನನಗೆ ಸಂಕಟದ ವಿಷಯ.

ಬೀಸು ಕಂಸಾಳೆಯನ್ನು ಹತ್ತಿರದಿಂದ ನೋಡಿ. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಮತ್ತು ಗೊಂಡೆ ಕಟ್ಟಿದ ಚಪ್ಪಟೆ ತಾಳ. ಬಲಗೈ ತಾಳವನ್ನು ಬೀಸಿ, ತಲೆಯ ಸುತ್ತ ತಂದು, ಬಗ್ಗಿ, ಕೂತು, ಪಕ್ಕದವನ ತಾಳಕ್ಕೂ ತಾಗಿಸಿ ಸಮಕ್ಕೆ ಸರಿಯಾಗಿ ಬಡಿಯುತ್ತಾರೆ. ಪೆಟ್ಟು ಕೇಳುವುದು ಒಂದು ಗಳಿಗೆ, ಎರಡು ಪೆಟ್ಟಿನ ನಡುವೆ ಇರುವುದು ಬೀಸು. ಹಾಳೆಯ ಮೇಲೆ ಬರೆದರೆ ಆ ಬೀಸಿನ ಜಾಗದಲ್ಲಿ ವಿರಾಮದ ಚಿಹ್ನೆ ಬೀಳುತ್ತದೆ, ಆದರೆ ಕುಣಿಯುವವನ ಮೈ ಆಗಲೇ ಎಲ್ಲಕ್ಕಿಂತ ಹೆಚ್ಚು ದುಡಿಯುತ್ತಿರುತ್ತದೆ. ಸೈಡ್ ಡ್ರಮ್ಮಿನ ಮಕ್ಕಳು ಆ ವಿರಾಮವನ್ನು ಖಾಲಿ ಎಂದುಕೊಂಡು ಮುಂದಕ್ಕೆ ಓಡುತ್ತಾರೆ. ಆಗ ಕೋಲು ಕೆಳಗಿಡಿಸಿ, ಬಲಗೈ ಬೀಸಿಸಿ, ಕೈ ತಿರುಗಿ ಬಂದ ಮೇಲೆಯೇ ಮುಂದಿನ ಪೆಟ್ಟು ಎಂದು ತೋರಿಸಬೇಕು. ಇನ್ನೊಂದು ಸಂಗತಿ, ಬೀಸು ಕಂಸಾಳೆ ನಿಧಾನಕ್ಕೆ ಶುರುವಾಗಿ ಏರುತ್ತಾ ಹೋಗುತ್ತದೆ. ಮೆಟ್ರೊನೋಮಿನ ಒಂದು ಅಂಕಿ ಬರೆದು ಕೂರುವಂತಿಲ್ಲ, ಕಂಡಕ್ಟರ್ ಕುಣಿಯುವವರ ಕಾಲು ನೋಡಿಕೊಂಡು ಕೋಲಾಡಿಸಬೇಕು.

ಕಾಯಿರ್‌ಗೂ ಇದರಲ್ಲಿ ಸಿದ್ಧ ಅಚ್ಚಿದೆ. ಒಬ್ಬರು ಕಥೆಯ ಸಾಲು ಹೇಳುತ್ತಾರೆ, ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಮಾದಪ್ಪನ ಕಾವ್ಯವೆಲ್ಲ, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆಯೇ ರಾತ್ರಿಯಿಡೀ ನಡೆಯುತ್ತದೆ. ನಾಲ್ಕು ಧ್ವನಿಯ ಹಾರ್ಮನಿ ತುರುಕಬೇಕಿಲ್ಲ. ಒಂದು ಒಂಟಿ ಧ್ವನಿ, ಎರಡು ಪಾಲಾದ ಹಿಮ್ಮೇಳ, ಕೆಳಗೆ ಬಿಡದೆ ಹಿಡಿದ ಷಡ್ಜ ಸಾಕು.

ಇದು ಆಗುವ ಮಾತೇ ಎಂದು ಕೇಳುವವರಿಗೆ ಆರ್ಮೇನಿಯದ ಉದಾಹರಣೆ ಕೊಡುತ್ತೇನೆ. ಕೊಮಿತಾಸ್ ಎಂಬ ಪಾದ್ರಿ ಹಳ್ಳಿಗರ ಹಾಡುಗಳನ್ನು ಕೇಳಿ ಕೇಳಿ ಬರೆದಿಟ್ಟ. ಅವನು ತೀರಿಕೊಂಡದ್ದು 1935ರಲ್ಲಿ. ಅವನು ಬರೆದಿಟ್ಟದ್ದನ್ನು ಹಿಡಿದು ಅಮೆರಿಕದ ಆಲ್ಫ್ರೆಡ್ ರೀಡ್ ಕಟ್ಟಿದ ‘ಆರ್ಮೇನಿಯನ್ ಡ್ಯಾನ್ಸಸ್’ನ ಮೊದಲ ಭಾಗ 1973ರಲ್ಲಿ ಬ್ಯಾಂಡಿನಲ್ಲಿ ನುಡಿಯಿತು. ಇವತ್ತು ಜಗತ್ತಿನ ದೊಡ್ಡ ಬ್ಯಾಂಡುಗಳೆಲ್ಲ ಅದನ್ನು ನುಡಿಸುತ್ತವೆ. ನಮ್ಮಲ್ಲಿ ಪಿ.ಕೆ. ರಾಜಶೇಖರ ಅವರಂಥವರು ಮಾದೇಶ್ವರ ಕಾವ್ಯದ ಸಾಹಿತ್ಯ ಸಂಗ್ರಹಿಸಿದರು. 1996ರಲ್ಲಿ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ ಸಿನಿಮಾ ಮಾದಪ್ಪನ ಪದದ ರುಚಿಯನ್ನು ನಾಡಿಗೆಲ್ಲ ಹಂಚಿತು. ರಾಗದ ಬಾಗು, ಹೆಜ್ಜೆಯ ತೂಕ ಮಾತ್ರ ಇನ್ನೂ ಕಲಾವಿದರ ಮೈಯಲ್ಲೇ ಇದೆ.

ವಾದ್ಯ ಪರದೇಶದ್ದು ಎಂಬ ಅಳುಕೂ ಬೇಡ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ಆ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಉಳಿದು ಇಂದಿಗೂ ದಸರೆಯಲ್ಲಿ ಕೇಳುತ್ತದೆ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡೇ.

ಒಂದು ಎಚ್ಚರಿಕೆ ಮಾತ್ರ ಖಂಡಿತ ಬೇಕು. ಕಂಸಾಳೆ ಆಟದ ಸಾಮಾನಲ್ಲ, ದೀಕ್ಷೆ ಪಡೆದ ಗುಡ್ಡರು ಹಿಡಿಯುವ ದೇವರ ಬಿರುದು. ಅದನ್ನು ಬ್ಯಾಂಡಿನ ಜೊತೆ ವೇದಿಕೆಗೆ ತರುವುದಾದರೆ ಅವರನ್ನು ಕೇಳಿ, ಅವರನ್ನೇ ಕರೆದು, ಅವರ ಕೈಯಲ್ಲೇ ನುಡಿಸಬೇಕು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದ ಮೇಲೆ ಚರ್ಚಿನ ಪೂಜೆಗೆ ಕನ್ನಡವೂ ನಮ್ಮ ವಾದ್ಯಗಳೂ ಬಂದವು, ಅದು ದೊಡ್ಡ ಭಾಗ್ಯ. ಹಾಗೆಂದು ಮಾದಪ್ಪನ ಪದದಲ್ಲಿ ದೇವರ ಹೆಸರು ಬದಲಿಸಿ ಕಾಯಿರ್‌ನಲ್ಲಿ ಹಾಡುವುದನ್ನು ನಾನು ಒಪ್ಪುವುದಿಲ್ಲ. ನಡೆಯನ್ನು ಕಲಿಯಿರಿ, ಹಿಮ್ಮೇಳದ ರೀತಿ ಕಲಿಯಿರಿ, ಮಾತು ಮತ್ತು ಮಟ್ಟು ಹೊಸದಾಗಿ ಕಟ್ಟಿರಿ. ಸೋಲಿಗರ ಹಾಡಿಗೂ ಇದೇ ನಿಯಮ.

ಕಾನೂನಿನ ಮಾತು ಚಿಕ್ಕದಾಗಿ: ನಮ್ಮ ದೇಶದಲ್ಲಿ ಸಂಗೀತಗಾರ ತೀರಿಕೊಂಡು 60 ವರ್ಷ ಕಳೆದರೆ ಅವನ ಕೃತಿ ಎಲ್ಲರಿಗೂ ಸೇರಿದ್ದು. ಹೋಲ್ಸ್ಟ್ ತೀರಿದ್ದು 1934ರಲ್ಲಿ, ಬಾರ್ಟೋಕ್ 1945ರಲ್ಲಿ, ಹಾಗಾಗಿ ಅವರ ಮೂಲ ಕೃತಿಗಳನ್ನು ಧಾರಾಳವಾಗಿ ನುಡಿಸಬಹುದು. ಬೇರೆಯವರು ಈಚೆಗೆ ಮಾಡಿದ ಬ್ಯಾಂಡ್ ರೂಪಾಂತರಕ್ಕೆ ಬೇರೆ ಹಕ್ಕು ಇರುತ್ತದೆ. ರೀಡ್, ಮಾರ್ಕೇಸ್ ಹಾಳೆಗಳನ್ನು ಕೊಂಡೇ ನುಡಿಸಬೇಕು, ಜೆರಾಕ್ಸ್ ಹೊಡೆಸುವಂತಿಲ್ಲ.

ಮೈಸೂರು, ಬೆಂಗಳೂರಿನಲ್ಲಿ ಸ್ಟಾಫ್ ನೊಟೇಷನ್ ಬಲ್ಲ ತರುಣರು ಎಷ್ಟೋ ಜನ ಇದ್ದೀರಿ. ಮುಂದಿನ ಶಿವರಾತ್ರಿಗೆ ಹನೂರಿನವರೆಗೆ ಬನ್ನಿ, ಗುಡ್ಡರ ಜೊತೆ ನಾಲ್ಕು ಹೆಜ್ಜೆ ನಡೆಯಿರಿ, ಕೇಳಿ, ಬರೆಯಿರಿ. ಕ್ಲಾರಿನೆಟ್, ಟ್ರಂಪೆಟ್, ಡ್ರಮ್ಮು, ಎರಡು ಪಾಲಿನ ಹಾಡು, ಐದು ನಿಮಿಷದ್ದು, ಹೈಸ್ಕೂಲು ಮಕ್ಕಳ ಕೈಗೆ ಎಟುಕುವಂಥದ್ದು ಸಾಕು. ಮೊದಲ ಪುಟದಲ್ಲಿ ಹಾಡಿ ತೋರಿಸಿದ ಕಲಾವಿದರ ಹೆಸರಿರಲಿ, ಅವರಿಗೆ ಸಂಭಾವನೆ ಸಲ್ಲಲಿ. ಮುಖ್ಯೋಪಾಧ್ಯಾಯರೇ, ವಾರ್ಷಿಕೋತ್ಸವದಲ್ಲಿ ಒಂದೇ ಒಂದು ಕುಣಿತಕ್ಕೆ ಪೆನ್‌ಡ್ರೈವ್ ಪಕ್ಕಕ್ಕಿಟ್ಟು ನಿಮ್ಮದೇ ಬ್ಯಾಂಡನ್ನು ಕೂರಿಸಿ. ಮಕ್ಕಳನ್ನು ತಯಾರು ಮಾಡುವ ಹೊಣೆ ನಮ್ಮಂಥ ಮೇಷ್ಟ್ರುಗಳದು.