ಕ್ಷಮಾದಾನವೂ ಕಾನೂನೂ: ಅಮೆರಿಕದ 1986ರ ಶಾಸನ

ಅನುಮತಿಯಿಲ್ಲದೆ ನೆಲಸಿದವರನ್ನು ಮನ್ನಿಸಿದರೆ, ಕ್ರಮವಾಗಿ ಅರ್ಜಿ ಸಲ್ಲಿಸಿ ವರ್ಷಗಟ್ಟಲೆ ಕಾದವರಿಗೆ ಅನ್ಯಾಯವಾಗದೆ? ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪದೇಪದೇ ಏಳುವ ಈ ಆಕ್ಷೇಪವು ನಿರಾಧಾರವಲ್ಲ. ಕಾದವರಲ್ಲಿ ಕನ್ನಡಿಗರೂ ಉಂಟು. ಆದರೆ ದಯೆಯು ಅಲ್ಲಿಯ ಕಾನೂನಿಗೆ ಹೊರಗಿನದೆಂದು ಬಗೆಯಲಾಗದು. 1921ರ ಜೂನ್ 3ಕ್ಕೆ ಮುಂಚೆ ಬಂದು ನೆಲಸಿದ್ದ, ಪ್ರವೇಶದ ದಾಖಲೆಯಿಲ್ಲದ ಸಚ್ಚರಿತ್ರರನ್ನು ನೋಂದಾಯಿಸಿಕೊಳ್ಳಲು 1929ರ ಶಾಸನವೇ ಅವಕಾಶವಿತ್ತಿತು. ಆ ಗಡುವನ್ನು ಹಲವು ಸಲ ಮುಂದೊತ್ತಿ, 1986ರಲ್ಲಿ 1972ರ ಜನವರಿ 1ಕ್ಕೆ ತಂದರು.

ಅಧ್ಯಕ್ಷ ರೇಗನ್ನರು 1986ರ ನವೆಂಬರ್ 6ರಂದು ಅಂಕಿತವಿತ್ತ ಆ ಶಾಸನವು ಇನ್ನೂ ಮುಂದೆ ಹೋಗಿ, 1982ಕ್ಕೆ ಮುಂಚಿನಿಂದ ನೆಲಸಿದವರಿಗೂ ಹೊಲದ ಕೂಲಿಗಳಿಗೂ ಕ್ಷಮಾದಾನವಿತ್ತಿತು. ಸುಮಾರು 27 ಲಕ್ಷ ಜನ ನೆಲೆ ಪಡೆದರು. ಅದರೊಡನೆ, ಅನುಮತಿಯಿಲ್ಲದವರೆಂದು ಅರಿತೂ ಕೆಲಸಕ್ಕಿಟ್ಟುಕೊಂಡ ಧಣಿಗೆ ದಂಡವನ್ನು ಗೊತ್ತುಪಡಿಸಿತು. ಆದರೆ ಆಳು ತೋರಿಸಿದ ಪತ್ರ ಮೇಲ್ನೋಟಕ್ಕೆ ನಿಜವೆನಿಸಿದರೆ ಧಣಿ ಪಾರು! ಖೋಟಾ ಪತ್ರಗಳು ಹೆಚ್ಚಿದುದರಲ್ಲಿ ಆಶ್ಚರ್ಯವೇನು? ಬಡ ಕೂಲಿಗೆ ಕ್ರಮವಾದ ಪ್ರವೇಶದ್ವಾರವೂ ಕಿರಿದಾಗಿಯೇ ಉಳಿಯಿತು. ಕ್ಷಮಾದಾನವೇ ಕಾನೂನನ್ನು ಕೆಡಿಸಿತೆನ್ನುವವರು ಇವೆರಡನ್ನೂ ಗಣನೆಗೆ ತಂದುಕೊಳ್ಳುವುದಿಲ್ಲ. 1972ರ ಗಡುವಾದರೋ ಅಂದಿನಿಂದ ಮುಂದೆ ಸರಿದಿಲ್ಲ.