ಮಳೆಮಾಪಕದ ಮಾತಿಗೆ ಹೊಣೆ ಯಾರು?

ಕೊಪ್ಪಳ ತಾಲ್ಲೂಕಿನ ಅಳವಂಡಿ ಹೋಬಳಿಯಲ್ಲಿ ಮಳೆ ಎಷ್ಟಾಯಿತೆಂದು ಇಂದು ಮೊದಲು ಹೇಳುವುದು ಯಂತ್ರ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 6,000ಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನೂ ನಿಲ್ಲಿಸಿದೆ. ಇಂಥ ಮಾಪಕದೊಳಗೆ ಸಾಮಾನ್ಯವಾಗಿ ತಕ್ಕಡಿಯಂತೆ ಓಲಾಡುವ ಜೋಡಿ ಬಟ್ಟಲುಗಳಿರುತ್ತವೆ. ಒಂದರಲ್ಲಿ ನಿಗದಿತ ಪ್ರಮಾಣದ ನೀರು ತುಂಬಿದೊಡನೆ ಅದು ಬಾಗಿ ಬರಿದಾಗುತ್ತದೆ, ಇನ್ನೊಂದು ಮೇಲೇಳುತ್ತದೆ. ಪ್ರತಿ ಬಾಗೂ ಒಂದು ಎಣಿಕೆ. ಸೌರಫಲಕದಿಂದ ವಿದ್ಯುತ್ ಪಡೆಯುವ ಯಂತ್ರ 15 ನಿಮಿಷಕ್ಕೊಮ್ಮೆ ಆ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಕಂಪ್ಯೂಟರಿಗೆ ಕಳಿಸುತ್ತದೆ. ಓದುವವರೂ ಇಲ್ಲ, ಬರೆಯುವವರೂ ಇಲ್ಲ. ಮನುಷ್ಯರ ಕೈ ತೀರಾ ಕಡಿಮೆಯಿರುವ ಅಥವಾ ಇಲ್ಲವೇ ಇಲ್ಲದ ಇಂಥ ಸಂವಹನವೇ ಯಂತ್ರ-ಯಂತ್ರ ಸಂವಹನ.

ವ್ಯಾಖ್ಯೆ ಸುಲಭ, ಗಡಿ ಎಳೆಯುವುದು ಕಷ್ಟ. ರೈತ ಮನೆಯಿಂದಲೇ ಫೋನ್ ಮಾಡಿ ಪಂಪ್‌ಸೆಟ್ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರಿನಲ್ಲೂ ಸಿಮ್ ಇದೆ, ಬಸ್ಸಿನ ಜಿಪಿಎಸ್ ಪೆಟ್ಟಿಗೆಯಲ್ಲೂ ಇದೆ. ದೂರಸಂಪರ್ಕ ಇಲಾಖೆ 2015ರಲ್ಲಿ ಈ ಕ್ಷೇತ್ರಕ್ಕೊಂದು ರಾಷ್ಟ್ರೀಯ ಮಾರ್ಗಸೂಚಿ ಪ್ರಕಟಿಸಿತು. 2018ರಲ್ಲಿ ಇಂಥ ಸಿಮ್‌ಗಳಿಗೆ 13 ಅಂಕಿಗಳ ಸಂಖ್ಯೆ ಬಂತು, ಅವು ಮೊದಲೇ ಗೊತ್ತುಪಡಿಸಿದ ಸಂಖ್ಯೆಗಳೊಡನೆ ಮಾತ್ರ ಕರೆ, ಸಂದೇಶ ನಡೆಸಬೇಕೆಂಬ ಕಟ್ಟುಪಾಡೂ ಬಂತು. 2022ರಲ್ಲಿ ಸೇವೆ ನೀಡುವ ಸಂಸ್ಥೆಗಳ ನೋಂದಣಿಗೆ ನಿಯಮಗಳಾದವು. ಇವೆಲ್ಲ ಬೇಕಾದವೇ. ಆದರೆ ಸಿಮ್ ಯಾರದೆಂದು ತಿಳಿದರೆ ಸಾಲದು. ಯಂತ್ರ ಹೇಳಿದ ಅಂಕಿಯ ಮೇಲೆ ಯಾರ ಬದುಕು ನಿಂತಿದೆ ಎಂಬುದನ್ನು ನೋಡಿ ನಿಯಮದ ಬಿಗಿ ನಿರ್ಧಾರವಾಗಬೇಕು. ದಾಳಿಂಬೆಯಂಥ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ಸಿಗುವುದು ತೋಟದಲ್ಲಾದ ನಷ್ಟ ನೋಡಿ ಅಲ್ಲ, ದಾಖಲಾದ ಹವಾಮಾನದ ಅಂಕಿ ನೋಡಿ. ಬಟ್ಟಲಿಗೆ ನೀರಿಳಿಯುವ ದಾರಿಯಲ್ಲಿ ಕಸ ಕಟ್ಟಿಕೊಂಡರೆ, ಸುರಿದ ಮಳೆಯೂ ಲೆಕ್ಕಕ್ಕೆ ಸಿಗುವುದಿಲ್ಲ.

ಮಳೆಯ ಲೆಕ್ಕದಲ್ಲಿ ಗುಟ್ಟೇನಿದೆ, ಅದಕ್ಕೇಕೆ ಭದ್ರತೆ ಎಂದು ಕೆಲವರು ಕೇಳಬಹುದು. ಗುಟ್ಟಿಲ್ಲ ನಿಜ, ಆದರೆ ಸಂಪರ್ಕವಿದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲಿಟ್ಟ ಪಾಸ್‌ವರ್ಡ್ ಬದಲಿಸದ ಸಾಮಾನ್ಯ ಕ್ಯಾಮೆರಾಗಳನ್ನೇ ವಶಪಡಿಸಿಕೊಂಡು ಅಮೆರಿಕದ ಹಲವು ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಮುಟ್ಟದಂತೆ ಮಾಡಿತ್ತು. ಬ್ರಿಟನ್ 2024ರಲ್ಲಿ ಸುಲಭವಾಗಿ ಊಹಿಸಬಲ್ಲ ಅಂಥ ಪಾಸ್‌ವರ್ಡ್‌ಗಳನ್ನು ಕಾನೂನಿನಿಂದಲೇ ನಿಷೇಧಿಸಿತು. ನಿಯಮ ಹೆಚ್ಚಾದರೆ ಅಗ್ಗದ ಉಪಕರಣ ತಯಾರಿಸುವ ಸಣ್ಣ ಉದ್ಯಮಿ ಸೋಲುತ್ತಾನೆ ಎಂಬ ಇನ್ನೊಂದು ಆಕ್ಷೇಪದಲ್ಲಿ ತೂಕವಿದೆ. ಅದಕ್ಕೇ ಎಲ್ಲಕ್ಕೂ ಒಂದೇ ಬಿಗಿ ಸಲ್ಲದು. ಮೊಬೈಲ್ ಸ್ಟಾರ್ಟರಿಗೆ ಬೇರೆಯವರು ಕರೆ ಮಾಡಿ ಮೋಟಾರು ಓಡಿಸದಂಥ ಕನಿಷ್ಠ ಭದ್ರತೆ ಸಾಕು. ವಿಮೆಯ ಹಣ ನಿರ್ಧರಿಸುವ ಮಾಪಕಕ್ಕೆ ಕಾಲಕಾಲಕ್ಕೆ ತಪಾಸಣೆ, ತಿದ್ದಲಾಗದ ದಾಖಲೆ, ಕೆಟ್ಟ ದಿನಗಳ ಬಹಿರಂಗ ಪಟ್ಟಿ ಇರಬೇಕು.

ಯಂತ್ರದ ಅಂಕಿಯನ್ನು ಪ್ರಶ್ನಿಸುವ ಹಕ್ಕು ರೈತನಿಗೆ ಕಾನೂನಿನಲ್ಲೇ ಸಿಗಬೇಕು. ಗ್ರಾಮಸಭೆಗಳಲ್ಲಿ ತಮ್ಮ ಪಂಚಾಯಿತಿಯ ಮಾಪಕದ ತಪಾಸಣೆ ಕಡೆಯದಾಗಿ ಯಾವಾಗ ನಡೆಯಿತೆಂದು ಕೇಳುವುದನ್ನು ನಮ್ಮ ರೈತರು ಈ ಮುಂಗಾರಿನಿಂದಲೇ ರೂಢಿಸಿಕೊಳ್ಳಲಿ.