ದಾರಿ ಹುಡುಕುವ ಆಟದ ಆಕರ್ಷಣೆ

ಸಂಜೆ ಚರ್ಚ್‌ಗೇಟಿನಿಂದ ವಿರಾರಿಗೆ ಹೊರಟ ಲೋಕಲ್ ಗಾಡಿಯಲ್ಲಿ ಒಂದು ಕೈಯಿಂದ ಮೇಲಿನ ಹಿಡಿಕೆಯನ್ನು, ಇನ್ನೊಂದು ಕೈಯಲ್ಲಿ ಮೊಬೈಲನ್ನು ಹಿಡಿದು ನಿಂತವರನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮಲ್ಲಿ ಅನೇಕರು ಹಾಗೆ ನಿಂತವರೇ. ಇಣುಕಿ ನೋಡಿದರೆ ಕೆಲವರ ಪರದೆಯ ಮೇಲೆ ಪುಟ್ಟ ಗೊಂಬೆಯೊಂದು ಗೋಡೆಗಳ ನಡುವೆ ಓಡುತ್ತಿರುತ್ತದೆ. ಒಂದು ಓಣಿಗೆ ನುಗ್ಗುತ್ತದೆ. ಗೋಡೆ ಅಡ್ಡ ಬಂದರೆ ಹಿಂದಿರುಗುತ್ತದೆ. ಎಲ್ಲಿಯೋ ಬಿದ್ದ ಕೀಲಿಕೈಯನ್ನು ಹೆಕ್ಕಿ ಮುಚ್ಚಿದ ಬಾಗಿಲನ್ನು ತೆರೆಯುತ್ತದೆ. ದಿನವಿಡೀ ದುಡಿದು ದಣಿದ ಮನುಷ್ಯನು ಮನೆಯ ದಾರಿಯಲ್ಲಿರುವಾಗಲೇ ಇನ್ನೊಂದು ದಾರಿಯನ್ನು ಹುಡುಕುವ ಗೋಜಿಗೆ ಏಕೆ ಹೋಗುತ್ತಾನೆ? ಇದನ್ನು ಸ್ವಲ್ಪ ವಿಚಾರಿಸೋಣ.

ಈ ಆಟದ ಯಂತ್ರ ಹೊಸತು, ಆಟ ಹೊಸತಲ್ಲ. ಮಕ್ಕಳ ಪತ್ರಿಕೆಗಳಲ್ಲಿ ಮೊಲಕ್ಕೆ ದಾರಿ ತೋರಿಸಿ ಎಂಬ ಚಿತ್ರದ ಮೇಲೆ ಪೆನ್ಸಿಲು ಎಳೆಯದವರು ಯಾರು? ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ೧೨ನೆಯ ಶತಮಾನದ ಶಿಲ್ಪಿಗಳು ಚಕ್ರವ್ಯೂಹವನ್ನು ಸುತ್ತುಸುತ್ತಾದ ದಾರಿಯಾಗಿಯೇ ಕಡೆದಿದ್ದಾರೆ. ಗ್ರೀಕರ ಪುರಾಣದಲ್ಲಿ ಕ್ರೀಟ್ ದ್ವೀಪದ ಸಿಕ್ಕುದಾರಿಯನ್ನು ಹೊಕ್ಕ ವೀರನು ನೂಲಿನ ಉಂಡೆಯನ್ನು ಬಿಚ್ಚುತ್ತ ಹೋಗಿ, ಅದೇ ನೂಲನ್ನು ಹಿಡಿದು ಹೊರಬರುತ್ತಾನೆ. ಲಖನೌದ ಬಡಾ ಇಮಾಂಬಾಡಾದ ಮೇಲಂತಸ್ತಿನ ಓಣಿಗಳಿಗೆ ಜನ ಇಟ್ಟ ಹೆಸರೇ ಭೂಲ್ ಭುಲಯ್ಯಾ.

ಮುಂದೆ ಇದು ಗಣಕಯಂತ್ರವನ್ನೂ ಹೊಕ್ಕಿತು. ಅಮೆರಿಕದ ವಿಲ್ ಕ್ರೌದರ್ ಎಂಬಾತನಿಗೆ ಗುಹೆಗಳನ್ನು ಹೊಕ್ಕು ನೋಡುವ ಹವ್ಯಾಸ. ತಾನು ನಡೆದಾಡಿದ ಕೆಂಟಕಿಯ ಗುಹೆಯನ್ನೇ ಆಧರಿಸಿ ಆತ ೧೯೭೬ರ ಸುಮಾರಿಗೆ 'ಅಡ್ವೆಂಚರ್' ಎಂಬ ಆಟವನ್ನು ಬರೆದ. ಅದರಲ್ಲಿ ಚಿತ್ರವೇ ಇಲ್ಲ, ಬರಿಯ ಮಾತು. ಒಂದೇ ಬಗೆಯ ಹಲವು ಕೋಣೆಗಳಲ್ಲಿ ದಾರಿ ತಪ್ಪಿದ ಆಟಗಾರರು ಕೈಯಲ್ಲಿದ್ದ ಒಂದೊಂದು ವಸ್ತುವನ್ನು ಒಂದೊಂದು ಕೋಣೆಯಲ್ಲಿ ಇಟ್ಟು ಗುರುತು ಹಿಡಿಯುತ್ತಿದ್ದರು. ೧೯೮೦ರಲ್ಲಿ ಜಪಾನಿನ ನಾಮ್ಕೊ ಕಂಪನಿಯ ತೋರು ಇವಾತಾನಿ 'ಪ್ಯಾಕ್‌ಮನ್' ಆಟವನ್ನು ರೂಪಿಸಿದ. ಓಣಿಗಳಲ್ಲಿ ಚೆಲ್ಲಿದ ಚುಕ್ಕೆಗಳನ್ನು ನುಂಗುತ್ತ, ನಾಲ್ಕು ಭೂತಗಳಿಂದ ತಪ್ಪಿಸಿಕೊಳ್ಳುವುದೇ ಆ ಆಟ. ೧೯೮೯ರಲ್ಲಿ ಬಂದ 'ಪ್ರಿನ್ಸ್ ಆಫ್ ಪರ್ಷಿಯಾ'ದಲ್ಲಿ ನೆಲಮಾಳಿಗೆಯ ಸೆರೆಯಿಂದ ಹೊರಟು ರಾಜಕುಮಾರಿಯನ್ನು ಬಿಡಿಸಲು ಕೊಟ್ಟ ಅವಧಿ ೬೦ ನಿಮಿಷ. ೨೦೦೦ದ ನೋಕಿಯಾ ೩೩೧೦ ಫೋನಿನೊಡನೆ ಗೋಡೆಗಳ ನಡುವೆ ಹಾವನ್ನು ನಡೆಸುವ ಆಟ ನಮ್ಮ ಜೇಬಿಗೇ ಬಂದಿತು.

ಇನ್ನು ಆಕರ್ಷಣೆಯ ಮಾತು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಇಲ್ಲಿ ತಪ್ಪಿಗೆ ದಂಡವಿಲ್ಲ. ಕಚೇರಿಯ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೆ ಸಾಹೇಬರ ಮುಂದೆ ನಿಲ್ಲಬೇಕು. ಹೋಟೆಲಿನಲ್ಲಿ ಕಪ್ಪು ಒಡೆದರೆ ಮಾತು ಕೇಳಬೇಕು. ಆಟದಲ್ಲಿ ಮುಚ್ಚಿದ ಓಣಿಗೆ ನುಗ್ಗಿದರೆ ಆ ಓಣಿ ದಾರಿಯಲ್ಲವೆಂದು ತಿಳಿಯಿತು, ಅಷ್ಟೇ. ತಪ್ಪೂ ಒಂದು ಗಳಿಕೆಯೇ.

ಎರಡನೆಯದು, ಎಷ್ಟೇ ಗೋಜಲಾಗಿ ಕಂಡರೂ ಒಳಗೊಂದು ನಿಯಮವಿದೆ. ಪ್ಯಾಕ್‌ಮನ್ನಿನ ಕೆಂಪು ಭೂತ ನೇರವಾಗಿ ಬೆನ್ನಟ್ಟುತ್ತದೆ. ಗುಲಾಬಿ ಭೂತ ನಾವು ಹೋಗುವ ದಿಕ್ಕಿನಲ್ಲಿ ಮುಂದಿನ ಜಾಗಕ್ಕೆ ಗುರಿಯಿಡುತ್ತದೆ. ಇದನ್ನು ಅರಿತ ಕ್ಷಣದಲ್ಲಿ ಭಯ ಹೋಗಿ ಉಪಾಯ ಹುಟ್ಟುತ್ತದೆ. ಊರಿನಿಂದ ಹೊಸದಾಗಿ ಬಂದವನು ದಾದರಿನ ಸೇತುವೆಯ ಮೇಲೆ ನಿಂತ ಮೊದಲ ದಿನವನ್ನು ನೆನೆದುಕೊಳ್ಳಲಿ. ಯಾವ ಮೆಟ್ಟಿಲು ಪಶ್ಚಿಮ ರೈಲ್ವೆಗೆ, ಯಾವುದು ಮಧ್ಯ ರೈಲ್ವೆಗೆ, ಯಾವ ಗಾಡಿ ಫಾಸ್ಟು, ಯಾವುದು ಸ್ಲೋ? ಅಂದು ಕಣ್ಣು ಕತ್ತಲೆ ಬಂದಿತ್ತು. ತಿಂಗಳೊಪ್ಪತ್ತಿನಲ್ಲಿ ಅದೇ ಸೇತುವೆಯ ಮೇಲೆ ಅವನೇ ಇನ್ನೊಬ್ಬನಿಗೆ ದಾರಿ ತೋರಿಸಿದಾಗ ಆದ ಹಿಗ್ಗೇ ಈ ಆಟದ ಹಿಗ್ಗು.

ಮೂರನೆಯದು, ಎಲ್ಲಕ್ಕಿಂತ ಮಿಗಿಲಾದದ್ದು: ಹೊರಬರುವ ದಾರಿಯೊಂದು ಇದ್ದೇ ಇದೆಯೆಂಬ ಭರವಸೆ. ಬಾಳಿನಲ್ಲಿ ಖೋಲಿಯ ಬಾಡಿಗೆ, ತಂಗಿಯ ಮದುವೆ, ಕೆಲಸ ಕಾಯಂ ಆಗುವ ಮಾತು ಇವುಗಳಿಗೆ ಆ ಭರವಸೆಯನ್ನು ಯಾರೂ ಬರೆದುಕೊಟ್ಟಿಲ್ಲ.

ದಾರಿ ಹುಡುಕಲು ಉಪಾಯಗಳೂ ಇವೆ. ಒಂದೇ ಕೈಯನ್ನು ಗೋಡೆಗೆ ತಾಗಿಸಿಕೊಂಡು ಬಿಡದೆ ನಡೆದರೆ, ಗೋಡೆಗಳೆಲ್ಲ ಒಂದಕ್ಕೊಂದು ಸೇರಿರುವ ಸಿಕ್ಕುದಾರಿಯಿಂದ ಖಂಡಿತವಾಗಿ ಹೊರಬರಬಹುದು. ನಡುವೆ ದ್ವೀಪದಂತೆ ಬಿಡಿ ಗೋಡೆಗಳಿದ್ದು ಗುರಿ ಒಳಗಿದ್ದರೆ ಈ ಉಪಾಯ ಕೈಕೊಡಬಹುದು. ಆಗ ನಡೆದ ದಾರಿಗೆ ಪ್ರತಿ ಸಲವೂ ಒಂದು ಗುರುತು ಹಾಕಬೇಕು. ಹೊಸ ದಾರಿಯಲ್ಲಿ ಬಂದು ಹಳೆಯ ಕೂಡುದಾರಿಯನ್ನೇ ಮುಟ್ಟಿದರೆ ಬಂದಂತೆ ಹಿಂದಿರುಗಬೇಕು. ಉಳಿದೆಡೆ ಗುರುತು ಕಡಿಮೆಯಿರುವ ದಾರಿಯನ್ನು ಹಿಡಿಯಬೇಕು. ಎರಡು ಗುರುತು ಬಿದ್ದ ದಾರಿಗೆ ಮತ್ತೆ ಕಾಲಿಡಬಾರದು. ೧೯ನೆಯ ಶತಮಾನದ ಫ್ರಾನ್ಸಿನ ತ್ರೆಮೊ ಎಂಬಾತ ಹೇಳಿದ ಕ್ರಮವಿದು.

ಆದರೆ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಗಿಸುವಂತಿಲ್ಲ. ಓಣಿಗೆ ಕೊನೆಯಿದ್ದರೂ ಆಟಕ್ಕೆ ಕೊನೆ ಇರಬೇಕೆಂದಿಲ್ಲ. ಪ್ಯಾಕ್‌ಮನ್ನಿಗೂ ಮುಕ್ತಾಯವನ್ನು ಇಟ್ಟಿರಲಿಲ್ಲ. ೨೫೬ನೆಯ ಹಂತದಲ್ಲಿ ಯಂತ್ರದ ಎಣಿಕೆಯೇ ತಪ್ಪಿ ಅರ್ಧ ಪರದೆ ಕಲಸಿಹೋಗುತ್ತದೆ. ಇಂದಿನ ಎಷ್ಟೋ ಮೊಬೈಲ್ ಆಟಗಳಲ್ಲಿ ಒಂದು ಹಂತ ಮುಗಿದೊಡನೆ ಇನ್ನೊಂದು ತಾನಾಗಿ ತೆರೆದುಕೊಳ್ಳುತ್ತದೆ; ನಡುನಡುವೆ ಜಾಹೀರಾತು; ಸಿಕ್ಕಿಕೊಂಡಲ್ಲಿ ಇಷ್ಟು ರೂಪಾಯಿ ಕೊಟ್ಟರೆ ಸುಳಿವು ಕೊಡುತ್ತೇವೆಂಬ ಆಮಿಷ. ಸುಳಿವನ್ನು ಕೊಂಡರೆ ಹುಡುಕುವ ಸುಖವನ್ನೇ ಮಾರಿದಂತಾಯಿತು. ಹಣ ಪಣವಿಟ್ಟು ಆಡುವ ಆಟಗಳ ಕಥೆ ಬೇರೆಯೇ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಊರಿಗೆ ಕಳುಹಿಸಬೇಕಾದ ಹಣ ಬೆರಳ ತುದಿಯಿಂದ ಜಾರಲು ಒಂದು ನಿಲ್ದಾಣದ ದಾರಿ ಸಾಕು.

'ಅಭಿಮನ್ಯು ಕಾಳಗ'ದ ಯಕ್ಷಗಾನವನ್ನು ನಾವು ಇದೇ ಮುಂಬಯಿಯಲ್ಲಿ ಎಷ್ಟು ಬಾರಿ ನೋಡಿಲ್ಲ! ವ್ಯೂಹವನ್ನು ಹೊಗುವ ವಿದ್ಯೆ ಆ ಬಾಲಕನಿಗೆ ತಿಳಿದಿತ್ತು, ಹೊರಡುವ ವಿದ್ಯೆ ತಿಳಿದಿರಲಿಲ್ಲ. ಆದುದರಿಂದ ಬಾಂಧವರೇ, ಆಡಿರಿ, ತಪ್ಪೇನೂ ಇಲ್ಲ. ಕೊನೆಯುಳ್ಳ ಆಟವನ್ನು ಆರಿಸಿಕೊಳ್ಳಿರಿ. ಮೊಬೈಲನ್ನು ಜೇಬಿಗಿಡುವ ನಿಲ್ದಾಣ ಯಾವುದೆಂದು ಗಾಡಿ ಹತ್ತುವಾಗಲೇ ಗೊತ್ತುಮಾಡಿಕೊಳ್ಳಿರಿ. ಅಂಧೇರಿ ಎಂದುಕೊಂಡರೆ ಅಂಧೇರಿಯಲ್ಲಿಯೇ.